ಬಯಲಾಟದ ವೇಷರಚನೆ: ಒಂದು ಐತಿಹಾಸಿಕ ವಿವೇಚನೆ

ಪಾತ್ರವೊಂದಕ್ಕೆ ತಕ್ಕ ಉಡುಗೆಯನ್ನು ಕಲ್ಪಿಸುವದು ಮನುಷ್ಯನ ಬಹು ಹಳೆಯ ಹವ್ಯಾಸಗಳಲ್ಲೊಂದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂದು ಅಂತರ್ಜಾಲದ ಮೂಲಕ ಆಡುವ ಪಾತ್ರಧಾರಣೆಯ ಆಟಗಳಲ್ಲಿ ತಮ್ಮ ತಮ್ಮ ವೀರರಿಗೆ ಕವಚ, ಶಿರಸ್ತ್ರಾಣ, ಉತ್ತರೀಯಗಳನ್ನು ಆಯ್ದು ತೊಡಿಸುತ್ತ ಗಂಟೆಗಟ್ಟಲೆ ಕಳೆಯುವದುಂಟು. ಇದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವ ಮೊದಲು ಅದರಲ್ಲಿ ಅಡಗಿರುವ ಪ್ರಶ್ನೆಯನ್ನು ಗಮನಿಸುವದು ಒಳ್ಳೆಯದು. ೨೦೦೪ರಲ್ಲಿ ಪ್ರಾರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಪ್ರಸಿದ್ಧ ಆಟದಲ್ಲಿ ಉಡುಪಿನ ರೂಪವೂ ಅದು ಕೊಡುವ ಬಲವೂ ಮೊದಲು ಒಂದಕ್ಕೊಂದು ಅಂಟಿಕೊಂಡಿದ್ದವು. ಬಲ ಬೇಕಾದವನು ಒಂದಕ್ಕೊಂದು ಹೊಂದದ ತುಂಡುಗಳನ್ನು ತೊಟ್ಟು ವಿರೂಪನಾಗಿ ತಿರುಗಬೇಕಾಗುತ್ತಿತ್ತು. ೨೦೧೧ರಲ್ಲಿ, ಬಲವನ್ನು ಹಾಗೆಯೇ ಇರಿಸಿಕೊಂಡು ರೂಪವನ್ನಷ್ಟೇ ಬದಲಿಸುವ ಸೌಕರ್ಯ ಒದಗಿತು. ಅಂದಿನಿಂದ ಅಲ್ಲಿ ಸೊಗಸು ಸ್ವತಂತ್ರವಾಯಿತು.

ಹಾಗಾದರೆ ಉಡುಪು ಪಾತ್ರದ ಸತ್ವಕ್ಕೆ ಸೇರಿದ್ದೋ, ಅಥವಾ ಮೇಲಿನ ಅಲಂಕಾರವೋ? ಈ ಪ್ರಶ್ನೆ ಹೊಸತಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಸುತ್ತಲಿನ ಹಳ್ಳಿಗರು ತಮ್ಮ ಆಟದ ಅಟ್ಟಗಳ ಮೇಲೆ ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿರುವರು. ಆ ಉತ್ತರಗಳ ಕ್ರಮವನ್ನು ವಿವರಿಸುವದೂ, ಅವುಗಳ ಕುರುಹುಗಳು ಇತಿಹಾಸಕಾರನಿಗೆ ಆಧಾರವಸ್ತುಗಳೆಂಬುದನ್ನು ತೋರಿಸುವದೂ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ದೊಡ್ಡಾಟದ ವೇಷ

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟವು ಪುರಾಣದ ಕಥೆಗಳನ್ನೂ ರಾಜರು, ವೀರರು, ರಕ್ಕಸರನ್ನೂ ಆಶ್ರಯಿಸಿದ್ದು. ಎರೆಹೊಲದ ಸುಗ್ಗಿ ಮುಗಿದು ಕೈ ಬಿಡುವಾದ ದಿನಗಳಲ್ಲಿ, ಇಲ್ಲವೆ ಜಾತ್ರೆಯ ಸಂದರ್ಭದಲ್ಲಿ, ಬಯಲಲ್ಲಿ ಅಟ್ಟ ಕಟ್ಟಿ ರಾತ್ರಿಯಿಡೀ ಆಡುವದು ಇದರ ಪದ್ಧತಿ. ಆಡುವವರು ಊರ ಒಕ್ಕಲಿಗರೇ, ನೋಡುವವರೂ ಅವರ ಬಂಧುಬಳಗದವರೇ. ಹಗಲು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಪರಿಚಿತ ಮನುಷ್ಯನು ರಾತ್ರಿ ಕೌರವನಾಗಿ ನಿಲ್ಲಬೇಕು. ನೆರೆಮನೆಯವನೂ ಅವನನ್ನು ಕೌರವನೆಂದೇ ಒಪ್ಪಬೇಕು. ಈ ಕಠಿಣ ಕಾರ್ಯದ ಹೆಚ್ಚಿನ ಭಾರವು ವೇಷದ ಮೇಲೆಯೇ ಬೀಳುತ್ತಿದ್ದಿತು.

ವೇಷದ ಮುಖ್ಯ ಅಂಗಗಳು ಕಿರೀಟ, ಭುಜಕೀರ್ತಿ, ಕರ್ಣಪತ್ರ, ಎದೆಹಾರ, ತೋಳಬಂದಿ, ನಡುಪಟ್ಟಿ ಹಾಗೂ ಕಾಲಗೆಜ್ಜೆ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬಣ್ಣದ ಬೇಗಡೆಯನ್ನು ಅಂಟಿಸಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂಡಿಸಿ ಈ ಆಭರಣಗಳನ್ನು ಸಿದ್ಧಪಡಿಸುತ್ತಿದ್ದರು. ಮುಖಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು.

ಇಂಥ ರೂಪವೇ ಏಕೆ ಬಂದಿತು? ಇದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಮೊದಲನೆಯದು ಬೆಳಕು. ಪಂಜು, ದೀವಟಿಗೆಗಳ ಬೆಳಕು ಕೆಂಪಗೆ ತೂಗಾಡುವಂಥದು. ಅದರಲ್ಲಿ ನಯವಾದ ಬಣ್ಣಗಳು ಕರಗಿಹೋಗುವವು. ಕನ್ನಡಿಯ ಚೂರಾದರೋ ಪ್ರತಿಯೊಂದು ಜ್ವಾಲೆಯನ್ನೂ ಹಿಡಿದು ಮರಳಿಸುವದು. ಎರಡನೆಯದು ದೂರ. ಬಯಲಿನ ಕೊನೆಗೆ ಬಂಡಿಯ ಮೇಲೆ ಕುಳಿತವನಿಗೆ ಮುಖಭಾವ ಕಾಣಿಸದು, ಆಕಾರ ಮಾತ್ರ ಕಾಣಿಸುವದು. ಭುಜಕೀರ್ತಿಯು ಹೆಗಲನ್ನು ಹಿಗ್ಗಿಸಿ, ಕಿರೀಟವು ತಲೆಯನ್ನು ಎತ್ತರಿಸಿ, ಸಾಮಾನ್ಯ ಮೈಕಟ್ಟಿನ ಮನುಷ್ಯನಿಗೆ ದೂರದಿಂದಲೂ ಗುರುತು ಹಿಡಿಯಬಹುದಾದ ಹೊರರೇಖೆಯನ್ನು ಒದಗಿಸುವವು. ಮೂರನೆಯದು ಕುಣಿತ. ದೊಡ್ಡಾಟದ ಹೆಜ್ಜೆ ಬಿರುಸಿನದು. ಲೋಹದ ಆಭರಣಗಳ ಭಾರವನ್ನು ಹೊತ್ತು ಬೆಳಗಿನವರೆಗೆ ಕುಣಿಯುವದು ಅಶಕ್ಯ. ಆದುದರಿಂದಲೇ ಹಗುರ ಮರ.

ಪಾತ್ರದ ಪ್ರವೇಶಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಇಬ್ಬರು ಪರದೆಯನ್ನು ಹಿಡಿದು ನಿಲ್ಲುವರು. ಅದರ ಹಿಂದೆ ಗೆಜ್ಜೆಯ ಸಪ್ಪಳ ಕೇಳುವದು. ಪರದೆಯ ಮೇಲ್ಗಡೆ ಕಿರೀಟದ ತುದಿಯಷ್ಟೇ ಮೊದಲು ಕಾಣುವದು. ಬಳಿಕ ಸಾರಥಿಯು ಬಂದವರ ಹೆಸರು, ಊರುಗಳನ್ನು ವಿಚಾರಿಸುವನು. ವೇಷವು ಆಗಲೇ ಅರ್ಧ ಉತ್ತರವನ್ನು ಹೇಳಿರುತ್ತದೆ. ಮಾತು ಅದನ್ನು ಪೂರ್ತಿಗೊಳಿಸುತ್ತದೆ. ಇಲ್ಲಿ ಬಲವೂ ರೂಪವೂ ಬೇರೆಯಲ್ಲ. ಕಿರೀಟ ಧರಿಸಿದ ಮೇಲೆಯೇ ಅವನು ಅರಸು. ಅದನ್ನು ಇಳಿಸಿದೊಡನೆ ಮತ್ತೆ ಒಕ್ಕಲಿಗ.

೨. ಹಗಲುವೇಷ ಮತ್ತು ಸಣ್ಣಾಟ

ಮೇಲಿನ ಕಾರಣಗಳು ಬರಿಯ ಊಹೆಯಲ್ಲವೆಂಬುದಕ್ಕೆ ಇತರ ಎರಡು ಪ್ರಕಾರಗಳು ಸಾಕ್ಷಿ ನುಡಿಯುವವು. ವೇಷಗಾರರೆಂದು ಹೆಸರಾದ ಅಲೆಮಾರಿ ಕಲಾವಿದರು ಊರಿಂದೂರಿಗೆ ಹೋಗಿ ಹಗಲಿನಲ್ಲೇ ಓಣಿಯಲ್ಲಿ, ಮನೆಯ ಅಂಗಳದಲ್ಲಿ ಪಾತ್ರ ವಹಿಸಿ, ಜನರು ಕೊಟ್ಟ ಕಾಳುಕಡಿಗಳನ್ನು ಸ್ವೀಕರಿಸುವರು. ಇವರಿಗೆ ಪಂಜಿನ ಮರೆಯಿಲ್ಲ, ದೂರದ ನೆರವಿಲ್ಲ. ನೋಡುವವನು ಮಾರು ದೂರದಲ್ಲಿಯೇ ನಿಂತಿರುತ್ತಾನೆ. ಆದ್ದರಿಂದ ಇಲ್ಲಿ ಮುಖದ ಬಣ್ಣಗಾರಿಕೆಗೂ ನಡೆನುಡಿಗೂ ಹೆಚ್ಚಿನ ಪ್ರಾಮುಖ್ಯ. ಪುರಾಣದ ಪಾತ್ರವು ಅದೇ ಇದ್ದರೂ, ಬೆಳಕು ಮತ್ತು ದೂರಗಳು ಬದಲಾದೊಡನೆ ವೇಷದ ಒತ್ತು ಬೇರೆಡೆಗೆ ಸರಿಯುವದು.

ಸಣ್ಣಾಟದ ಮಾತೇ ಬೇರೆ. ಅದರ ವಸ್ತು ಮನುಷ್ಯರ ಸಂಸಾರ. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಇದರ ಸುಪ್ರಸಿದ್ಧ ಉದಾಹರಣೆ. ಅಲ್ಲಿಯ ಪಾತ್ರಗಳಿಗೆ ಧೋತರ, ಅಂಗಿ, ರುಮಾಲುಗಳೂ ಸ್ತ್ರೀಪಾತ್ರಕ್ಕೆ ಇಳಕಲ್ಲ ಸೀರೆ, ಖಣದ ಕುಪ್ಪಸಗಳೂ ಸಾಕು. ವೇಷವು ಪ್ರೇಕ್ಷಕನ ಮೈಮೇಲಿನ ಬಟ್ಟೆಯೇ ಆಗಿಬಿಡುವದು. ಆದರೂ ರುಮಾಲು ಸುತ್ತಿದ ರೀತಿಯಿಂದಲೇ ವ್ಯಾಪಾರಿ ಯಾರು, ಪುಂಡ ಯಾರು ಎಂಬುದನ್ನು ಹಳ್ಳಿಗರು ಗುರುತಿಸುವರು. ಕಿರೀಟವು ಹೋದರೂ ಗುರುತು ಹೋಗಲಿಲ್ಲ.

೩. ಕಂಪನಿ ನಾಟಕ ಮತ್ತು ಸೊಗಸು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇನ್ನೊಂದು ಬಗೆಯ ವೇಷವು ಈ ಭಾಗಕ್ಕೆ ಬಂದಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು (೧೮೪೩–೧೮೮೫) ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಪ್ರಯೋಗಿಸಿದರು. ಮರಾಠಿ ಸಂಗೀತ ನಾಟಕದ ಈ ಪ್ರವಾಹವು ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಜಿಲ್ಲೆಯನ್ನೂ ಮುಟ್ಟಿತು. ಇದೇ ಕಾಲಕ್ಕೆ, ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯ ಹತ್ತಿರ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ವರ್ಣಚಿತ್ರಗಳು ದೇವದೇವಿಯರಿಗೆ ಜರಿಯಂಚಿನ ಸೀರೆಯನ್ನುಡಿಸಿ ಮನೆಮನೆಯ ಗೋಡೆಗೇರಿದವು.

ಈ ಪರಿವರ್ತನೆಯಲ್ಲಿ ಕುಂದಗೋಳದ ಪಾಲು ಅಲ್ಪವಲ್ಲ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು (೧೮೮೬–೧೯೫೨) ಈ ಊರಿನವರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ಗುರುಗಳೆಂದು ನಾವು ಇವರನ್ನು ಸ್ಮರಿಸುತ್ತೇವೆ. ಆದರೆ ಅವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದಲೂ ಹೆಸರು ಪಡೆದವರು. ಅವರ ಸಮಕಾಲೀನರಾದ ಬಾಲಗಂಧರ್ವರು (೧೮೮೮–೧೯೬೭) ಅಪ್ಪಟ ರೇಷ್ಮೆ, ಬೆಲೆಬಾಳುವ ಆಭರಣ, ಸುಗಂಧಗಳಿಗೆ ಧಾರಾಳವಾಗಿ ವೆಚ್ಚ ಮಾಡಿದರು. ಅವರು ಸೀರೆಯುಡುವ ರೀತಿಯನ್ನೂ ಕೇಶಾಲಂಕಾರವನ್ನೂ ಮಹಾರಾಷ್ಟ್ರದ ಗೃಹಿಣಿಯರು ಅನುಕರಿಸಿದರು. ದೊಡ್ಡಾಟದ ವೇಷವನ್ನು ಅಟ್ಟದಿಂದ ಕೆಳಗೆ ಯಾರೂ ತೊಡಲಾರರು. ಕಂಪನಿ ನಾಟಕದ ವೇಷವಾದರೋ ಮನೆಯೊಳಗೆ ಕಾಲಿಟ್ಟಿತು. ಪಾತ್ರದ ಗುರುತಿಗಾಗಿ ಇದ್ದ ಉಡುಪು ಈಗ ಸೊಗಸಿಗಾಗಿಯೂ ಇರತೊಡಗಿತು.

ಇದನ್ನು ಅವನತಿಯೆಂದು ಕರೆಯುವದು ಸರಿಯಲ್ಲ. ದೀಪದ ವ್ಯವಸ್ಥೆಯುಳ್ಳ ರಂಗಮಂದಿರದಲ್ಲಿ, ಹತ್ತಿರ ಕುಳಿತ ಪ್ರೇಕ್ಷಕನಿಗೆ ಸೀರೆಯ ನಿರಿಗೆಯೂ ಮಾತನಾಡಬಲ್ಲದು. ಪುರುಷನೊಬ್ಬನು ಸುಭದ್ರೆಯಾಗಿ ನಿಲ್ಲುವಾಗ ಆ ನಿರಿಗೆಯ ಸತ್ಯತೆಯೇ ಪಾತ್ರದ ಆಧಾರ. ಎರಡೂ ಪದ್ಧತಿಗಳಲ್ಲಿ ವೇಷವು ತನ್ನ ಬೆಳಕಿಗೂ ತನ್ನ ಪ್ರೇಕ್ಷಕನಿಗೂ ನಿಷ್ಠವಾಗಿತ್ತು.

೪. ಇಂದಿನ ಸ್ಥಿತಿ

ಗ್ಯಾಸ್‌ಬತ್ತಿ ಬಂದಿತು, ಅನಂತರ ವಿದ್ಯುದ್ದೀಪ ಬಂದಿತು. ಬಿಳಿಯ ನಿಶ್ಚಲ ಬೆಳಕಿನಲ್ಲಿ ಮರದ ಒರಟುತನವೂ ಬೇಗಡೆಯ ಹರಕುಗಳೂ ಎದ್ದು ಕಾಣತೊಡಗಿದವು. ೧೯೮೭ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ವೂ ಮರುವರ್ಷ ‘ಮಹಾಭಾರತ’ವೂ ಪ್ರಾರಂಭವಾದ ಮೇಲೆ, ದೇಶಕ್ಕೆಲ್ಲ ಒಂದೇ ಮಾದರಿಯ ಕಿರೀಟಗಳು ಜನಮನದಲ್ಲಿ ನೆಲೆಯೂರಿದವು. ಇಂದು ಅನೇಕ ತಂಡಗಳು ಬಾಡಿಗೆಯ ಉಡುಪನ್ನು ತರಿಸುವವು. ಅಗ್ಗವೂ ಸುಲಭವೂ ಆದ ಈ ಉಪಾಯಕ್ಕಾಗಿ ಬಡ ಕಲಾವಿದರನ್ನು ದೂಷಿಸುವಂತಿಲ್ಲ. ಆದರೆ ಬಾಡಿಗೆಯ ಪೆಟ್ಟಿಗೆಯಲ್ಲಿ ಅರ್ಜುನನ ಕಿರೀಟ, ಕರ್ಣನ ಕಿರೀಟವೆಂಬ ಭೇದವಿರುವದು ವಿರಳ. ಯಾರ ಬಲಕ್ಕೂ ಯಾವ ರೂಪವೂ ಸಲ್ಲುವದು. ಲೇಖನದ ಮೊದಲಿಗೆ ಹೇಳಿದ ಆಟದ ಸ್ಥಿತಿಯೂ ಇದೇ ಅಲ್ಲವೆ? ಭೇದವಿಷ್ಟೇ: ಅಲ್ಲಿ ಆಟಗಾರನು ತನ್ನ ಇಚ್ಛೆಯಿಂದ ಆಯ್ದುಕೊಳ್ಳುವನು, ಇಲ್ಲಿ ಆಯ್ಕೆಯೇ ಉಳಿದಿಲ್ಲ.

೫. ಇತಿಹಾಸಕಾರನ ಹೊಣೆ

ಇಲ್ಲಿ ಲೇಖಕನು ತನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಶಾಸನದ ಪಡಿಯಚ್ಚಿಗಾಗಿ ಹೋದಾಗ, ಗುಡಿಯ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯೊಂದನ್ನು ಊರ ಹಿರಿಯರು ತೆರೆದು ತೋರಿಸಿದರು. ಎರಡು ಮೂರು ಕಿರೀಟ, ಒಡೆದ ಭುಜಕೀರ್ತಿಗಳು, ಕನ್ನಡಿ ಉದುರಿದ ಎದೆಹಾರಗಳು ಅದರಲ್ಲಿದ್ದವು. ಬೇಗಡೆ ಕಿತ್ತಿದ್ದಲ್ಲಿ ಹಳೆಯ ಬಣ್ಣ, ಅದರ ಕೆಳಗೆ ಇನ್ನೂ ಹಳೆಯ ಬಣ್ಣ ಕಾಣುತ್ತಿತ್ತು. “ನಮ್ಮ ಅಜ್ಜನ ಕಾಲದ್ದರೀ, ಒಂದು ಫೋಟೋ ಹೊಡಕೊಳ್ಳರಿ” ಎಂದು ಅವರೇ ಹೇಳಿದರು. ನಮಗೆ ಶಾಸನದ ಅವಸರ. ಮುಂದಿನ ಸಲ ನೋಡೋಣವೆಂದು ಬಂದೆವು. ಎರಡು ವರ್ಷಗಳ ಅನಂತರ ಮರಳಿ ಹೋದಾಗ ಗುಡಿಯ ಜೀರ್ಣೋದ್ಧಾರವಾಗಿತ್ತು, ಪೆಟ್ಟಿಗೆ ಇರಲಿಲ್ಲ. ಅದರೊಳಗಿನದು ಒಲೆಗೆ ಹೋಯಿತೆಂದು ತಿಳಿಯಿತು. ಶಾಸನವು ಮೊದಲೇ ಪ್ರಕಟವಾಗಿದ್ದಿತು.

ಆ ಬಣ್ಣದ ಪದರುಗಳಲ್ಲಿ ಪಂಜಿನ ಕಾಲ, ಗ್ಯಾಸ್‌ಬತ್ತಿಯ ಕಾಲಗಳು ಒಂದರ ಮೇಲೊಂದು ಕುಳಿತಿದ್ದಿರಬಹುದು. ಕಲ್ಲಿನ ಮೇಲಿನ ಅಕ್ಷರವನ್ನಷ್ಟೇ ದಾಖಲೆಯೆಂದು ತಿಳಿಯುವ ನಮ್ಮ ಅಭ್ಯಾಸವು ಬದಲಾಗಬೇಕು. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಮೇಲಿನ ಪುರಾಣದ ಚಿತ್ರಗಳು ಜನರ ಮೆಚ್ಚುಗೆಯಿಂದ ಉಳಿದುಕೊಂಡಿವೆ. ಅದೇ ಪುರಾಣದ ವೀರರು ತೊಟ್ಟ ಮರದ ಕಿರೀಟಗಳಿಗೆ ಆ ಭಾಗ್ಯವಿಲ್ಲ.

ಆದುದರಿಂದ ನಮ್ಮ ಅಧ್ಯಾಪಕ ಬಂಧುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ವಿನಂತಿಯಿಷ್ಟೇ. ರಜೆಗೆ ಊರಿಗೆ ಹೋದಾಗ ಗುಡಿಯ ಅಟ್ಟ, ಚಾವಡಿಯ ಮೂಲೆ, ಹಳೆಯ ಕಲಾವಿದರ ಮನೆಗಳನ್ನು ವಿಚಾರಿಸಿರಿ. ಸಿಕ್ಕ ಆಭರಣದ ಉದ್ದಗಲಗಳನ್ನು ಅಳೆಯಿರಿ; ಮುಂದಿನಿಂದಲೂ ಹಿಂದಿನಿಂದಲೂ ಛಾಯಾಚಿತ್ರ ತೆಗೆಯಿರಿ; ಯಾವ ಪಾತ್ರದ್ದು, ಯಾರು ಕಟ್ಟುತ್ತಿದ್ದರು, ಯಾವ ಬೆಳಕಿನಲ್ಲಿ ಆಡುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ವಸ್ತುವನ್ನು ಅಲ್ಲಿಯೇ ಬಿಟ್ಟು ಬನ್ನಿರಿ, ಅದು ಊರವರದು. ಕಲ್ಪಿತ ವೀರನಿಗೆ ಬೆರಳ ತುದಿಯಿಂದ ಕವಚ ತೊಡಿಸಬಲ್ಲ ತರುಣನಿಗೆ, ತನ್ನ ಅಜ್ಜನು ತೊಟ್ಟ ಕಿರೀಟವು ಅಷ್ಟು ಅಗಲವೇಕಿತ್ತು ಎಂಬ ಪ್ರಶ್ನೆ ಹೊಳೆದರೆ, ನಮ್ಮ ಅಧ್ಯಯನಕ್ಕೆ ಒಳ್ಳೆಯ ಆರಂಭ ದೊರೆತಂತಾಗುವದು.