ಲಂಗರು ಭಾರದಿಂದ ಹಿಡಿಯುವುದಿಲ್ಲ

‘ನಮ್ಮ ಲಂಗರು ಭಾರಿ ತೂಕದ್ದು, ದೋಣಿ ಎಲ್ಲಿಗೂ ಹೋಗುವುದಿಲ್ಲ.’ ಹಾಯಿದೋಣಿಯಲ್ಲಿ ಸಮುದ್ರ ಸುತ್ತುವವರೂ ಇದನ್ನು ನಂಬುತ್ತಾರೆ ಎಂಬುದೇ ನನಗೆ ಸಹಿಸಲಾಗದ ಸಂಗತಿ. ಕೆರಿಬಿಯನ್‌ನ ಆಂಟಿಗುವಾ ದ್ವೀಪದಲ್ಲಿರುವ ಇಂಗ್ಲಿಷ್ ಹಾರ್ಬರ್‌ನಂಥ ಬಂದರಿನಲ್ಲಿ ಈ ನಂಬಿಕೆ ಅಪಾಯಕಾರಿ. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ವಾಣಿಜ್ಯ ಮಾರುತ ಬಿರುಸಾಗುತ್ತದೆ, ದೋಣಿಗಳ ದಟ್ಟಣೆಯೂ ಆಗಲೇ ಹೆಚ್ಚು.

ಲೆಕ್ಕ ಹಾಕಿ. 12 ಮೀಟರ್ ಉದ್ದದ ಹಾಯಿದೋಣಿ ಎಂಟು ಹತ್ತು ಟನ್ ತೂಗುತ್ತದೆ, ಅದರ ಲಂಗರು 20 ಕಿಲೋ ಆಸುಪಾಸು. ನೀರಿಗಿಳಿದ ಉಕ್ಕು ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಳ್ಳುವುದರಿಂದ ಉಳಿಯುವುದು ಹದಿನೇಳೂವರೆ ಕಿಲೋ. 30 ನಾಟ್ ವೇಗದ ಗಾಳಿ ಆ ದೋಣಿಯನ್ನು ನೂರಾರು ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಬರೀ ತೂಕ ಇದನ್ನು ತಡೆಯುವ ಮಾತೇ ಇಲ್ಲ.

ತಡೆಯುವುದು ನೆಲ. ನೇಗಿಲಿನ ಗುಳದಂತೆ ಲಂಗರಿನ ಮೊನೆ ಮರಳನ್ನೋ ಕೆಸರನ್ನೋ ಕಚ್ಚಿ, ಎಳೆದಷ್ಟೂ ಆಳಕ್ಕೆ ಇಳಿಯಬೇಕು. ಬ್ರಿಟನ್ನಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್ 1933ರಲ್ಲಿ ನೇಗಿಲಿನ ಆಕಾರದ ಸಿಕ್ಯೂಆರ್ ಲಂಗರನ್ನು ರೂಪಿಸಿದ್ದೇ ಕಡಿಮೆ ತೂಕದಲ್ಲಿ ಹೆಚ್ಚು ಹಿಡಿತ ಪಡೆಯಲು. ಅಷ್ಟು ಹಿಂದೆಯೇ ಇತ್ಯರ್ಥವಾದ ವಿಷಯವನ್ನು ಇಂದಿಗೂ ವಾದಿಸಬೇಕಾಗಿದೆ!

ಎಳೆತ ನೆಲಕ್ಕೆ ಸಮಾನಾಂತರವಾಗಿ ಇದ್ದರೆ ಮಾತ್ರ ಮೊನೆ ಕಚ್ಚುತ್ತದೆ. ಮೇಲ್ಮುಖವಾಗಿ ಎಳೆದರೆ ಕಿತ್ತು ಬರುತ್ತದೆ. ಆದ್ದರಿಂದ ಸರಪಳಿಯನ್ನು ಧಾರಾಳವಾಗಿ ಬಿಡಬೇಕು. ನೀರಿನ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 6 ಮೀಟರಿಗೆ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಬೇಕು. ಗಾಳಿ ಜೋರಾದರೆ ಏಳು ಪಟ್ಟು, 42 ಮೀಟರ್. ಮೂತಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿಯದವರೇ ಬಹಳ. ಅಷ್ಟು ಸರಪಳಿ ಬಿಟ್ಟರೆ ದೋಣಿ ಸುತ್ತಲು ಜಾಗ ಸಾಲುವುದಿಲ್ಲ ಎನ್ನುತ್ತೀರಾ? ಹಾಗಾದರೆ ಪಕ್ಕದ ವಿಶಾಲವಾದ ಫಾಲ್ಮತ್ ಹಾರ್ಬರ್‌ಗೆ ಹೋಗಿ. ಜಾಗ ಉಳಿಸಲು ಸರಪಳಿ ಮೊಟಕು ಮಾಡುವುದು ಪಕ್ಕದವರ ಮೇಲೆ ದೋಣಿ ಬಿಟ್ಟಂತೆಯೇ.

‘ಸರಪಳಿಯ ಭಾರವಾದರೂ ಹಿಡಿಯುತ್ತದಲ್ಲ’ ಎಂಬುದು ಇದೇ ನಂಬಿಕೆಯ ಇನ್ನೊಂದು ರೂಪ. ಸಣ್ಣ ಗಾಳಿಯಲ್ಲಿ ಅದು ನಿಜ: ಸರಪಳಿ ಜೋಲುಬಿದ್ದು, ತಳದಲ್ಲಿ ಮಲಗಿ, ಎಳೆತವನ್ನು ಅಡ್ಡವಾಗಿಯೇ ಇಡುತ್ತದೆ. ಬಿರುಗಾಳಿಗೆ ಅದೇ ಸರಪಳಿ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಆಮೇಲೆ ನೆರವಿಗೆ ಬರುವುದು ಅದರ ಉದ್ದವೇ.

ಉಳಿದ ನಂಬಿಕೆಗಳಿಗೆ ಒಂದೆರಡು ಮಾತು ಸಾಕು. ಸುತ್ತ ಗುಡ್ಡವಿದ್ದರೆ ಗಾಳಿ ಕಾಟವಿಲ್ಲ ಎನ್ನುತ್ತಾರೆ. ಇಂಗ್ಲಿಷ್ ಹಾರ್ಬರ್‌ನ ಫ್ರೀಮನ್ಸ್ ಬೇಯಲ್ಲಿ ಗಾಳಿ ಗುಡ್ಡಕ್ಕೆ ಬಡಿದು ಸುಳಿಯುತ್ತದೆ, ಅಕ್ಕಪಕ್ಕದ ದೋಣಿಗಳೇ ಬೇರೆ ಬೇರೆ ದಿಕ್ಕಿಗೆ ಮುಖ ಮಾಡುತ್ತವೆ. ಬಂದರಿನ ಹಳೆಯ ನೌಕಾನೆಲೆಯ ಬಳಿ ಕಡಲತಳ ನಿರಪಾಯ ಎನ್ನುತ್ತಾರೆ. ಅಲ್ಲಿ ಹಳೆಯ ಭಾರಿ ಸರಪಳಿ ಬಿದ್ದಿದೆ, ಲಂಗರು ಅದಕ್ಕೆ ಸಿಕ್ಕಿಕೊಂಡರೆ ಬಿಡಿಸಲು ಮುಳುಗುಗಾರರೇ ಬೇಕು. ಜಿಪಿಎಸ್ ಅಲಾರಂ ಇದ್ದರೆ ಸಾಕು ಎನ್ನುತ್ತಾರೆ. ಅದು ದೋಣಿ ಸರಿಯುತ್ತಿದೆ ಎಂದು ತಿಳಿಸುತ್ತದೆ, ತಡೆಯುವುದಿಲ್ಲ. ಇನ್ನು ಆ ಹಳೆಯ ನೌಕಾನೆಲೆಯಾದ ನೆಲ್ಸನ್ ಡಾಕ್‌ಯಾರ್ಡನ್ನು, ಹೆಸರು ಕೇಳಿ ಹಲವರು ನಂಬುವಂತೆ, ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಕಟ್ಟಿಸಿದ್ದೂ ಅಲ್ಲ. ಕೆಲಸ ಶುರುವಾದದ್ದು 1720ರ ದಶಕದಲ್ಲಿ, ಅವನು ಹುಟ್ಟಿದ್ದು 1758ರಲ್ಲಿ. ಅದನ್ನು ಕಟ್ಟಿದ ದುಡಿಮೆ ಗುಲಾಮರಾಗಿದ್ದ ಆಫ್ರಿಕನ್ನರದು. 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ತಾಣಕ್ಕೆ ಹೋಗುವವರು ಇಷ್ಟನ್ನಾದರೂ ತಿಳಿದಿರಬೇಕು.

ಇಂಥ ನಂಬಿಕೆಗಳು ಏಕೆ ಸಾಯುವುದಿಲ್ಲ? ಅವು ಪರೀಕ್ಷೆಗೆ ಒಳಗಾಗುವುದೇ ಅಪರೂಪ, ಅದಕ್ಕೆ. ಗಾಳಿ ಇಲ್ಲದ ನೂರು ರಾತ್ರಿ ದೋಣಿ ನಿಂತಲ್ಲೇ ನಿಂತರೆ ‘ನನ್ನ ಅನುಭವ’ ಎಂಬ ಮೊಹರು ಬೀಳುತ್ತದೆ. ಏನೂ ಆಗದಿದ್ದುದನ್ನೇ ಪುರಾವೆ ಎಂದುಕೊಳ್ಳುವ ಈ ಅಭ್ಯಾಸ ಸಮುದ್ರದವರಿಗೆ ಮಾತ್ರ ಅಂಟಿದ್ದಲ್ಲ. ಬೆಲ್ಟ್ ಹಾಕದೆ ಕಾರು ಓಡಿಸುವವರ ವಾದವೂ ಇದೇ. ಆದರೆ ಬಂದರಿನಲ್ಲಿ ದಂಡ ತೆರುವವರು, ಹಿಂದಿನ ದೋಣಿಯಲ್ಲಿ ಮಕ್ಕಳೊಂದಿಗೆ ಮಲಗಿರುವ ಬೇರೆ ಯಾರೋ. ಆದ್ದರಿಂದ ಲಂಗರು ಇಳಿಸಿದ ಮೇಲೆ ಎಂಜಿನ್ನನ್ನು ನಿಧಾನವಾಗಿ ಹಿಮ್ಮುಖ ಓಡಿಸಿ, ದಡದ ಎರಡು ಗುರುತುಗಳನ್ನು ಒಂದೇ ಗೆರೆಯಲ್ಲಿ ನೋಡಿ. ಗುರುತುಗಳು ಸರಿದರೆ ಲಂಗರು ಕಚ್ಚಿಲ್ಲ, ಎತ್ತಿ ಮತ್ತೆ ಇಳಿಸಿ. ಅದು ಕಚ್ಚುವವರೆಗೆ ಯಾರೂ ಊಟಕ್ಕೆ ಕೂರಬಾರದು.