ಬಗ್ಗಡ ತಿಳಿಯಾಗುವ ಹೊತ್ತು

ವೈಟ್‌ಫೀಲ್ಡ್‌ನಲ್ಲಿ ಬೆಳಗಿನ ಆರೂವರೆ. ಮೇಲಿನ ಮಹಡಿಗಳಲ್ಲಿ ಗೀಸರು ಬಿಸಿಯಾಗಿವೆ, ಕುಕ್ಕರು ಕೂಗತೊಡಗಿವೆ, ಗೇಟಿನ ಹೊರಗೆ ಕಂಪನಿ ಕ್ಯಾಬುಗಳು ಸಾಲುಗಟ್ಟಿವೆ. ನಾನು ಎರಡನೇ ಬೇಸ್‌ಮೆಂಟಿಗೆ ಇಳಿದು, ಕಾರುಗಳ ಸಾಲು ದಾಟಿ, ಮೂಲೆಯ ಕಬ್ಬಿಣದ ಬಾಗಿಲು ತಳ್ಳಿದೆ. ಬ್ಲೋವರಿನ ಮೊರೆತ ಎದೆಗೇ ಬಡಿಯಿತು. ಮೂಗು ಮುಚ್ಚಿಕೊಳ್ಳಲು ಸೆರಗು ಎತ್ತಿದ ಕೈ ಹಾಗೇ ಇಳಿಯಿತು. ಒಳಗಿದ್ದದ್ದು ಮೊದಲ ಮಳೆ ಬಿದ್ದ ಹೊಲದ ಹಸಿ ವಾಸನೆ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಚೆನ್ನಾಗಿ ನಡೆಯುತ್ತಿದೆ ಅನ್ನಲು ಮೊದಲ ಸಾಕ್ಷಿ ಈ ಮಣ್ಣಿನ ವಾಸನೆಯೇ.

ಗಾಳಿ ಊದುವ ತೊಟ್ಟಿಯಲ್ಲಿ ನೀರು ಹುರುಳಿಕಟ್ಟಿನ ಬಣ್ಣದಲ್ಲಿ ಕೊತಕೊತ ಕುದಿಯುವಂತೆ ಕಾಣುತ್ತದೆ. ಇಡೀ ಅಪಾರ್ಟ್‌ಮೆಂಟಿನ ಸ್ನಾನ, ಶೌಚ, ಮುಸುರೆ ಎಲ್ಲ ಅಲ್ಲಿದೆ. ಅದನ್ನು ತಿಂದು ಬದುಕುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೂ ಅಲ್ಲೇ ಇವೆ. ಆಪರೇಟರ್ ಸಿಂಧನೂರು ಕಡೆಯ ಹುಡುಗ. ಒಂದು ಲೀಟರಿನ ಅಳತೆ ಜಾಡಿ ತುಂಬ ಆ ನೀರನ್ನು ಮೊಗೆದು ಕಟ್ಟೆಯ ಮೇಲಿಟ್ಟ. "ಅರ್ಧ ತಾಸು ಅಲುಗಾಡಸಬ್ಯಾಡ್ರಿ ಅಕ್ಕಾರ. ತಾನ ಕೂಡ್ರತದ."

ಮೊದಲೆರಡು ನಿಮಿಷ ಏನೂ ಇಲ್ಲ, ಬರೀ ಬಗ್ಗಡ. ಆಮೇಲೆ ಒಳಗೇ ಏನೋ ಸಂಚಾರ. ಪುಡಿಪುಡಿಯಾಗಿದ್ದದ್ದು ಒಂದನ್ನೊಂದು ಹುಡುಕಿಕೊಂಡಂತೆ ಅಂಟಿ, ಬಿಡಿಸಿದ ಹತ್ತಿಯ ಎಳೆಗಳಂತೆ ಗುಂಪುಗೂಡುತ್ತದೆ. ಗುಂಪು ದೊಡ್ಡದಾದಷ್ಟೂ ಭಾರ, ಭಾರವಾದಷ್ಟೂ ಇಳಿತ. ಜಾಡಿಯ ಕಂಠದಲ್ಲಿ ಬೆರಳಗಲದ ತಿಳಿನೀರಿನ ಪಟ್ಟಿ ಮೂಡಿತು. ನೋಡನೋಡುತ್ತ ಅದು ಗೇಣುದ್ದ ಬೆಳೆಯಿತು. ಅರ್ಧ ಗಂಟೆಗೆ ಕೆಸರು 350ರ ಗೆರೆಯ ಮೇಲೆ ಕುಳಿತಿತ್ತು. ಹುಡುಗ ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದ.

"ಹಬ್ಬದ ಮರುದಿನ ನೋಡಬೇಕ್ರಿ. ಎಲ್ಲಾರೂ ಎಣ್ಣಿ ಹಚ್ಚಿಕೊಂಡು ಜಳಕಾ ಮಾಡಿರ್ತಾರ. ಅವತ್ತು ಕೆಸರು ಕೂಡ್ರಂಗಿಲ್ಲ, ಮ್ಯಾಲ ತೇಲ್ತದ." ಯುಗಾದಿಯ ಎಣ್ಣೆಸ್ನಾನ ಇಲ್ಲಿಯವರೆಗೆ ಇಳಿದು ಬರುತ್ತದೆಂದು ಮೇಲಿನ ಮನೆಗಳಲ್ಲಿ ಯಾರು ನೆನೆದಾರು?

ಎಲ್ಲ ಬಗ್ಗಡವೂ ಜಾಡಿಯದರಂತೆ ತಾನಾಗಿ ಕೂರುವುದಿಲ್ಲ. ನೀರಿನ ಕೊಳೆಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುತ್ತಿನ ಅಂಶವಿರುತ್ತದೆ. ಒಂದೇ ಬಗೆಯವು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಾಗಿ ಬಗ್ಗಡ ಗಂಟೆಗಟ್ಟಲೆ ಬಗ್ಗಡವಾಗಿಯೇ ಉಳಿಯುತ್ತದೆ. ಆ ಹಗೆ ಅಳಿಯಬೇಕು, ಆಮೇಲೆ ಚದುರಿದ್ದನ್ನು ಹಿಡಿದು ಕಟ್ಟುವ ಎಳೆಯೊಂದು ಬೇಕು. ಮೊದಲ ಕೆಲಸವನ್ನು ಪಟಿಕ ಮಾಡುತ್ತದೆ, ಎರಡನೆಯದನ್ನು ಇಲ್ಲಿಯವರು 'ಪಾಲಿ' ಅನ್ನುವ ಪಾಲಿಎಲೆಕ್ಟ್ರೊಲೈಟ್. ಈ ವಿದ್ಯೆ ನಮಗೆ ಹೊಸದಲ್ಲ. ನಮ್ಮಜ್ಜಿ ಮಳೆಗಾಲದಲ್ಲಿ ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ಉಜ್ಜಿ ಆಮೇಲೆ ಕೆರೆನೀರು ಸುರಿಯುತ್ತಿದ್ದರು. ಹೊತ್ತು ಕಳೆದರೆ ಕೆಂಪು ಮಣ್ಣು ತಳ ಸೇರಿರುತ್ತಿತ್ತು. ಸಂಸ್ಕೃತದಲ್ಲಿ ಅದೇ ಕತಕ. ನುಗ್ಗೆಬೀಜದ ಪುಡಿಗೂ ಆ ಗುಣವಿದೆ.

ಹಿಂಡುವ ಮುನ್ನ ಕೆಸರಿಗೆ ಬೆರೆಸುವ ಪಾಲಿ ಕಲಸುವುದನ್ನು ನೋಡಬೇಕು. ಸಕ್ಕರೆಯಂಥ ಬಿಳಿ ಹರಳು, ಲೀಟರಿಗೆ ಒಂದೇ ಗ್ರಾಂ; ಇನ್ನೂರು ಲೀಟರಿನ ನೀಲಿ ಡ್ರಮ್ಮಿಗೆ ಇನ್ನೂರು ಗ್ರಾಂ. ತಿರುಗುವ ನೀರಿನ ಸುಳಿಗೆ ಹುಡುಗ ಅದನ್ನು ರಂಗೋಲಿ ಪುಡಿ ಉದುರಿಸಿದಂತೆ ಎರಡು ಬೆರಳಲ್ಲಿ ಉದುರಿಸುತ್ತಾನೆ. "ಅಂಬಲಿ ಕಾಸೂವಾಗ ಹಿಟ್ಟು ಒಮ್ಮಿಗೇ ಸುರಿದ್ರ ಗಂಟಾಗಂಗಿಲ್ಲೇನ್ರಿ? ಇದೂ ಹಂಗ." ಗಂಟಾದ ಪಾಲಿ ಹೊರಗೆ ಲೋಳೆ, ಒಳಗೆ ಒಣಪುಡಿ, ದುಡ್ಡೆಲ್ಲ ದಂಡ. ಬೆರೆಸಿದ ಮೇಲೆ ಗಂಟೆಯಾದರೂ ನೆನೆಯಬೇಕು. ಕೆಸರಿನೊಂದಿಗೆ ಸೇರಿಸುವಾಗ ಮೊದಲು ಚುರುಕಾಗಿ, ಆಮೇಲೆ ನಿಧಾನವಾಗಿ ತಿರುಗಿಸಬೇಕು. ಜೋರು ಮಾಡಿದರೆ ಕೂಡಿದ್ದೆಲ್ಲ ಒಡೆದುಹೋಗುತ್ತದೆ, ಒಮ್ಮೆ ಒಡೆದದ್ದು ಮೊದಲಿನಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಇನ್ನೊಂದು ಮುಷ್ಟಿ ಹಾಕಿದರೆ ಇನ್ನೂ ಒಳ್ಳೆಯದೆಂಬುದೂ ತಪ್ಪು; ಹೆಚ್ಚಾದ ಪಾಲಿ ಕೆಸರು ಹಿಂಡುವ ಬಟ್ಟೆಯ ಕಣ್ಣು ಮುಚ್ಚುತ್ತದೆ. ಲಕ್ಷಗಟ್ಟಲೆ ಸುರಿದು ಯಂತ್ರ ಕೂರಿಸುವ ನಾವು, ಈ ಹದ ಬಲ್ಲ ಕೈಗೆ ಕೊಡುವ ಸಂಬಳ ನೆನೆದರೆ ಸಂಕಟವಾಗುತ್ತದೆ.

ಹಿಂದಿನ ವಾರ ಇದೇ ಕೆಲಸ ನೋಡಲು ನಗರದ ಇನ್ನೊಂದು ತುದಿಯಲ್ಲಿ, ಪೀಣ್ಯದಲ್ಲಿದ್ದೆ. ಪ್ಲೇಟಿಂಗ್ ಶೆಡ್ಡಿನ ತೊಟ್ಟಿಯಲ್ಲಿ ಅರಿಸಿನ ಕದಡಿದಂಥ ಹಳದಿ ನೀರು. ಅದು ಕ್ಯಾನ್ಸರ್ ತರುವ ಆರು ವೇಲೆನ್ಸಿಯ ಕ್ರೋಮಿಯಂ. ಆಮ್ಲ ಬೆರೆಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದೊಡನೆ ಹಳದಿ ಕರಗಿ ಹಸಿರಾಯಿತು. ಸುಣ್ಣದ ತಿಳಿ ಬಿದ್ದಾಗ ಹಸಿರು ಮೋಡಮೋಡವಾಗಿ ಹೆಪ್ಪುಗಟ್ಟಿತು. ಕಣ್ಣಿಗೆ ಅಷ್ಟು ಚೆಂದ, ಒಡಲಲ್ಲಿ ಅಷ್ಟು ವಿಷ. ಅಲ್ಲಿ ಹಿಂಡಿದ ಕೆಸರು ಹೊಲಕ್ಕೆ ಹೋಗುವಂತಿಲ್ಲ. ಮೂಟೆ ಕಟ್ಟಿ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸಬೇಕು. ನೀರು ಹೆಚ್ಚು ಉಳಿದಷ್ಟೂ ಮೂಟೆಯ ತೂಕ ಹೆಚ್ಚು, ಖರ್ಚೂ ಹೆಚ್ಚು. ಕತ್ತಲಲ್ಲಿ ಚರಂಡಿಗೆ ಬಿಡುವ ಆಸೆ ಹುಟ್ಟುವುದು ಆ ಖರ್ಚಿನಿಂದ.

ವೈಟ್‌ಫೀಲ್ಡಿಗೂ ಆ ಆಸೆ ಹೊರತಲ್ಲ. ಮಳೆ ಸುರಿಯುವ ರಾತ್ರಿ ಕೆಸರನ್ನು ರಾಜಕಾಲುವೆಗೆ ಬಿಟ್ಟರೆ ಅದು ನೇರ ಕೆರೆಗೆ. 2015ರಲ್ಲಿ ವರ್ತೂರು ಕೋಡಿಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಂಗಳ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವರು ನಾವು. ಇನ್ನು ಹೊರಕ್ಕೂ ಬಿಡದೆ, ಹಿಂಡದೆ ಉಳಿಸಿಕೊಂಡ ಕೆಸರು ತೊಟ್ಟಿಯ ತಳದಲ್ಲಿ ಗಟ್ಟಿಯಾಗುತ್ತದೆ. ಆಗ ಯಾರನ್ನೋ ಕರೆದು ಒಳಗಿಳಿಸುತ್ತಾರೆ. ಸುರಕ್ಷಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಳಿಸಿದ್ದಾರೆ, ಇಳಿದವರು ಉಸಿರುಗಟ್ಟಿ ಸತ್ತಿದ್ದಾರೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಈ ಬೇಸ್‌ಮೆಂಟಿನಲ್ಲಿ ಮಾತ್ರ ಸ್ಕ್ರೂ ಪಂಪು ಮೆಲ್ಲಗೆ ಸುತ್ತುತ್ತಿದೆ. ಕೂಡಿದ್ದನ್ನು ಒಡೆಯದೆ ದಾಟಿಸಲೆಂದೇ ಆ ಪಂಪು. ಫಿಲ್ಟರ್ ಪ್ರೆಸ್ಸಿನ ಬಿಳಿ ತಟ್ಟೆಗಳು ಪುಸ್ತಕದ ಹಾಳೆಗಳಂತೆ ಒತ್ತಾಗಿ ನಿಂತಿವೆ. ಮೊದಲು ಕೆಳಗಿನ ನಳಿಕೆಗಳಲ್ಲಿ ಕಲಕು, ಆಮೇಲೆ ತೆಳು ಬೂದಿ ಬಣ್ಣ, ಆಮೇಲೆ ತಿಳಿ. ಧಾರೆ ಹನಿಯಾಯಿತು. ಸಾವಿರ ಲೀಟರ್ ಕೆಸರಲ್ಲಿ ಗಟ್ಟಿ ಇರುವುದು ನೂರಕ್ಕೆ ಒಂದು ಪಾಲು, ಅಂದರೆ ಹತ್ತು ಕಿಲೋ. ಅದನ್ನು ನೂರಕ್ಕೆ ಇಪ್ಪತ್ತು ಪಾಲಿಗೆ ಹಿಂಡಿದರೆ ಐವತ್ತು ಕಿಲೋ ಮಾತ್ರ. ಒಂದು ಟ್ಯಾಂಕರಿನ ಹೊರೆ ಒಂದು ಚೀಲಕ್ಕೆ ಇಳಿದಂತೆ.

ಹುಡುಗ ತಿರುಪು ಸಡಿಲಿಸಿ ಮೊದಲ ತಟ್ಟೆಯನ್ನು ಎಳೆದ. ಒಂದು ಕ್ಷಣ ಬಟ್ಟೆಗೆ ಅಂಟಿಕೊಂಡಿದ್ದ ಕಪ್ಪು ಬಿಲ್ಲೆ ದೊಪ್ಪನೆ ಕೆಳಗಿನ ಟ್ರೇಗೆ ಬಿತ್ತು. ಅವನು ಗ್ಲೌಸಿನ ಕೈಯಲ್ಲಿ ತುಂಡೊಂದನ್ನು ಮುರಿದು ತೋರಿಸಿದ. ನೀರು ಜಿನುಗಲಿಲ್ಲ. "ಇವತ್ತು ಚಲೋ ಬಂದದರಿ," ಅಂದ. ಮುಖದಲ್ಲಿ ಹದವಾಗಿ ರೊಟ್ಟಿ ಬೇಯಿಸಿದವರ ಸಂತೋಷ. ನಳಿಕೆಯ ತಿಳಿನೀರು ಕಾಲುವೆ ಹಿಡಿದು ಮತ್ತೆ ಮೊದಲ ತೊಟ್ಟಿಗೆ ಹರಿಯುತ್ತಿತ್ತು. ಮೇಲಿನ ಪೈಪಿನಲ್ಲಿ ಯಾರದೋ ಮನೆಯ ಫ್ಲಶ್ಶಿನ ಸದ್ದು ಇಳಿದು ಬಂತು. ಹುಡುಗ ಎರಡನೇ ತಟ್ಟೆಗೆ ಕೈ ಹಾಕಿದ.