ಮಾವನವರ ಕೆಂಪು ಶಾಯಿ

ಮದುವೆಗೆ ಮುಂಚೆ ನನ್ನ ಮಾವನವರಿಗೆ ನಾನು ಬರೆದ ಮೊದಲ ಕಾಗದ ಹತ್ತೇ ದಿನಗಳಲ್ಲಿ ನನಗೇ ಮರಳಿ ಬಂತು. ವಿಳಾಸ ತಪ್ಪಿ ಬಂದದ್ದಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ, ಮೂಲೆಯಲ್ಲಿ 'ಹತ್ತಕ್ಕೆ ಎಂಟು' ಎಂದು ಅಂಕ ಹಾಕಿ, ರುಜು ಮಾಡಿ ಅವರೇ ಕಳುಹಿಸಿದ್ದರು. ನಾನು 'ಸೋಲಾಪುರ' ಎಂದು ಬರೆದಿದ್ದೆ. ಅದನ್ನು 'ಸೊಲ್ಲಾಪುರ' ಎಂದು ತಿದ್ದಿ, ಪಕ್ಕದಲ್ಲಿ 'ಒತ್ತು ತಿನ್ನಬಾರದು' ಎಂದಿದ್ದರು. 'ನಿಮ್ಮನ್ನು ನೋಡುವ ಆಸೆ ಉಂಟು' ಎಂಬ ಸಾಲಿನ ಅಡಿಗೂ ಕೆಂಪು ಗೆರೆ. ಇದೂ ತಪ್ಪಾಯಿತೇ ಎಂದು ಹೆದರಿ ಓದಿದರೆ, 'ಉಂಟು ಎಂಬುದು ಹಳೆಯ, ಒಳ್ಳೆಯ ಮಾತು. ನಮ್ಮ ಕಡೆಯವರ ಬಾಯಲ್ಲಿ ಉಳಿದಿಲ್ಲ. ಇದಕ್ಕೆ ಒಂದು ಅಂಕ ಹೆಚ್ಚಿಗೆ' ಎಂದಿತ್ತು.

ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. 'ಇಂಥ ಮಾಸ್ಟ್ರ ಮನೆಗೆ ಸೊಸೆಯಾಗಿ ಹೋಗುವುದಕ್ಕಿಂತ ಪರೀಕ್ಷೆಗೆ ಕೂರುವುದು ಸುಲಭ ಮಾರಾಯ್ತಿ' ಎಂದರು ನನ್ನ ಅಣ್ಣ.

ಆ ಮಾಸ್ಟ್ರು ಕಳೆದ ಜನವರಿಯಲ್ಲಿ, ಸೊಲ್ಲಾಪುರದ ಸಿದ್ಧೇಶ್ವರನ ಜಾತ್ರೆ ಮುಗಿದ ವಾರ, ತೀರಿಕೊಂಡರು. ಊರಿಗೆ ಬಂದಾಗಲೆಲ್ಲ ಪರಿಚಿತರು ಅವರ ಬಗ್ಗೆ ಕೇಳುತ್ತಾರೆ. ಎಲ್ಲರಿಗೂ ಒಮ್ಮೆಗೇ ಹೇಳಿದಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆ, ಮಹಾರಾಷ್ಟ್ರದ ತಾಲೂಕು. ಅದರ ಅಂಚಿಗೆ ಕರ್ನಾಟಕದ ಕಲಬುರಗಿ, ವಿಜಯಪುರ ಜಿಲ್ಲೆಗಳು. ಅಲ್ಲಿನ ಹಳ್ಳಿಯೊಂದರ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾವನವರು ಮಾಸ್ತರರಾಗಿದ್ದರು. ನಿವೃತ್ತರಾದ ಮೇಲೆ ಸೊಲ್ಲಾಪುರದಲ್ಲಿ ನಮ್ಮೊಡನಿದ್ದರು. ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ಕಚೇರಿಯಲ್ಲಿ, ಸಂತೆಯಲ್ಲಿ ಮರಾಠಿ. ಮನೆಯಲ್ಲಿ, ಹೊಲದಲ್ಲಿ ಕನ್ನಡ. ಹೀಗೇಕೆ ಎಂದು ಕೇಳಿದರೆ, 'ಸಾಹೇಬರಿಗೆ ಕನ್ನಡ ತಿಳಿಯೂದಿಲ್ಲ, ಎತ್ತಿಗೆ ಮರಾಠಿ ತಿಳಿಯೂದಿಲ್ಲ. ಇಬ್ಬರ ಕಡಿಂದನೂ ಕೆಲಸಾ ಆಗಬೇಕಲ್ಲ' ಎನ್ನುತ್ತಿದ್ದರು.

ಬಾಲ್ಯದಲ್ಲಿ ಅವರು ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವರು. ಕವಿ ಬೇಂದ್ರೆಯವರು 1944ರಿಂದ 1956ರವರೆಗೆ ಅಲ್ಲಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರಷ್ಟೆ. 'ನಾನೂ ಬೇಂದ್ರೆಯವರೂ ಒಂದೇ ಊರಾಗ ಶಾಲಿಗೆ ಹೋಗ್ತಿದ್ದಿವಿ' ಎಂದು ಗತ್ತಿನಿಂದ ಶುರುಮಾಡಿ, ಕೇಳುವವರ ಕಣ್ಣು ಅಗಲವಾದ ಮೇಲೆ, 'ಅವರು ಕಲಿಸ್ಲಾಕ, ನಾ ಕಲೀಲಾಕ' ಎಂದು ಮುಗಿಸುತ್ತಿದ್ದರು.

ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಹಾಗಾಗಿ ಅಡುಗೆಮನೆಯಲ್ಲಿ ನನಗೆ ಗುರುವಾದವರೂ ಮಾವನವರೇ. ಮೊದಲ ದಿನ ನಾನು ನಮ್ಮ ಕ್ರಮದಂತೆ ತೆಂಗಿನೆಣ್ಣೆಯ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಒಂದು ತುತ್ತು ಬಾಯಿಗಿಟ್ಟು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಯವ್ವಾ, ಇದು ತಲಿಗೆ ಹಚ್ಚೂ ಎಣ್ಣಿ ಅಲ್ಲೇನು?' ಎಂದರು. ನನಗೆ ಅಳು ಬಂದಂತಾಯಿತು. ಅವರು ತಟ್ಟೆ ಖಾಲಿ ಮಾಡಿ, ತಮ್ಮ ಬೋಳು ತಲೆಯನ್ನು ಸವರಿಕೊಂಡು, 'ಹೊರಗಿಂದ ಹಚ್ಚಿ ಏನೂ ಉಪಯೋಗ ಆಗಲಿಲ್ಲ, ಒಳಗಿಂದರ ಬೆಳೀತಾವೇನು ನೋಡೂಣು' ಎಂದರು. ಮರುದಿನದಿಂದ ಜೋಳದ ರೊಟ್ಟಿಯ ಪಾಠ. ಹಿಟ್ಟಿಗೆ ಕುದಿನೀರು ಹಾಕಿ ನಾದುವುದು, ಅಂಗೈಯಲ್ಲಿ ತಟ್ಟುತ್ತ ತಿರುಗಿಸುವುದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು. ನನ್ನ ಮೊದಲ ರೊಟ್ಟಿ ನೋಡಿ, 'ಭಾರತದ ನಕಾಶ ಚಲೋ ಬಂದದ, ಶ್ರೀಲಂಕಾ ಒಂದು ಉಳೀತು' ಎಂದಿದ್ದರು.

ಜನವರಿಯ ಸಂಕ್ರಾಂತಿಗೆ ಬರುವ ಸಿದ್ಧೇಶ್ವರನ ಜಾತ್ರೆ ಎಂದರೆ ಅವರಿಗೆ ಪ್ರಾಣ. ಹನ್ನೆರಡನೆಯ ಶತಮಾನದ ಶರಣ, ಸೊನ್ನಲಿಗೆಯ ಸಿದ್ಧರಾಮನೇ ಈ ಸಿದ್ಧೇಶ್ವರ. ಕುಂಬಾರರ ಹುಡುಗಿಯೊಬ್ಬಳು ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಳಂತೆ. ವಿರಕ್ತನಾದ ಸಿದ್ಧರಾಮ ತನ್ನ ಯೋಗದಂಡವನ್ನು ಕೊಟ್ಟು ಅದರೊಡನೆ ಮದುವೆಯಾಗಲು ಹೇಳಿದನಂತೆ. ಆ ಮದುವೆಯೇ ಈಗಲೂ ವರ್ಷವರ್ಷವೂ ನಡೆಯುತ್ತದೆ. ಬಿಳಿಯ ಬಾರಾಬಂದಿ ತೊಟ್ಟ ಗಂಡಸರು ಏಳು ಎತ್ತರದ ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಮರಾಠಿ ಪತ್ರಿಕೆಗಳೂ ಇದನ್ನು ದೇವನಾಗರಿಯಲ್ಲಿ 'ಯಣ್ಣೀಮಜ್ಜನ' ಎಂದೇ ಅಚ್ಚು ಹಾಕುತ್ತವೆ. ಮಾವನವರು ಆ ಪತ್ರಿಕೆಯನ್ನು ಕೈಗೆತ್ತಿಕೊಂಡು ಕೆಂಪು ಪೆನ್ನಿನಿಂದ ತಿದ್ದಿ, 'ಕಾಗುಣಿತ ತಪ್ಪಿದರೂ ಹುಡುಗ ಜಾಣ' ಎಂದು ಅಂಕ ಹಾಕಿ ಮಡಚಿಡುತ್ತಿದ್ದರು.

ಒಮ್ಮೆ ನಮ್ಮ ಊರಿಗೂ ಬಂದರು. ಬರುವಾಗ ಬೀಗರಿಗೆಲ್ಲ ಸೊಲ್ಲಾಪುರದ ಚಾದರ! ನಮ್ಮ ಕಾಸರಗೋಡಿನ ಮೇ ತಿಂಗಳ ಸೆಕೆಗೆ ಚಾದರ ಹೊದೆಯುವವರು ಯಾರು? ನನ್ನ ತಾಯಿ ಒಂದನ್ನು ಅಂಗಳದಲ್ಲಿ ಹಾಸಿ ಹಲಸಿನ ಹಪ್ಪಳ ಒಣಗಿಸಿದರು. ಅದು ಮಾವನವರ ಕಣ್ಣಿಗೆ ಬಿದ್ದಾಗ ನಮಗೆಲ್ಲ ನಾಚಿಕೆ. ಅವರು ಮಾತ್ರ, 'ಗಿರಣಿ ಮುಚ್ಚಿದ ಊರಿಂದ ಬಂದ ಚಾದರಕ್ಕ ಇಲ್ಲೆರ ಕೆಲಸಾ ಸಿಕ್ಕಿತಲ್ಲ' ಎಂದು ಹಪ್ಪಳ ಕಾಯುತ್ತ ಕುಳಿತರು.

ಬಸ್ಸಿನ ಬೋರ್ಡು ಓದಲಾಗದೆ ಪೇಟೆಯಲ್ಲಿ ಎರಡು ಸಲ ದಾರಿ ತಪ್ಪಿದ್ದು ಅವರಿಗೆ ಅಪಮಾನವೆನಿಸಿತು. ಮೂರನೆಯ ದಿನ ಮಲಯಾಳದ ಒಂದನೆಯ ತರಗತಿ ಪುಸ್ತಕ ಕೊಂಡುತಂದರು. 'ಮರಾಠಿ ಅಕ್ಷರ ಹಗ್ಗಕ್ಕ ಅರಬಿ ಒಣಹಾಕಿದಂಗ ಇರ್ತಾವ, ಇವು ನೆಲದ ಮ್ಯಾಲ ಉರುಳ್ಯಾಡ್ತಾವ' ಎನ್ನುತ್ತ ಎಪ್ಪತ್ತರ ವಯಸ್ಸಿನಲ್ಲಿ ತಿದ್ದತೊಡಗಿದರು. ಹಿಂದಿರುಗುವ ಹೊತ್ತಿಗೆ ಬೋರ್ಡು ಓದಿ, ಬಸ್ಸು ಹತ್ತಿ, ಬೇಕಲ ಕೋಟೆ ನೋಡಿ ಬಂದಿದ್ದರು.

ಆ ರಾತ್ರಿ ಊಟದ ಹೊತ್ತಿಗೆ ನನ್ನ ದೊಡ್ಡಪ್ಪ 1956ರ ಮಾತು ತೆಗೆದರು. ಕಾಸರಗೋಡು ಕೇರಳಕ್ಕೆ ಸೇರಿದ ಕಥೆ ನಮ್ಮವರ ಜಗಲಿಯಲ್ಲಿ ಎಂದೂ ಮುಗಿಯುವುದಿಲ್ಲವಷ್ಟೆ. ಮಾವನವರು ಪೂರ್ತಿ ಕೇಳಿ, 'ಬೀಗರ, ನಮ್ಮದು ನಿಮ್ಮದು ಸಂಬಂಧ ಇವತ್ತಿಂದಲ್ಲ' ಎಂದರು. 'ಮಹಾಜನರು 1967ರಾಗ ಒಂದೇ ವರದಿಯೊಳಗ ಅಕ್ಕಲಕೋಟಿ, ನಿಮ್ಮ ಚಂದ್ರಗಿರಿ ಹೊಳಿಯ ಉತ್ತರದ ಕಾಸರಗೋಡು, ಎಲ್ಲಾ ಕರ್ನಾಟಕಕ್ಕ ಸೇರಲಿ ಅಂತ ಬರದರು. ಗೊತ್ತ ಮಾಡಿದರು, ಅಕ್ಕಿಕಾಳು ಹಾಕೂದು ಮರತರು. ಆ ಕೆಲಸಾ ನಾವಿಬ್ಬರು ಮಾಡೀವಿ.' ದೊಡ್ಡಪ್ಪ ಅಷ್ಟು ನಕ್ಕದ್ದನ್ನು ನಾನು ಬೇರೆಂದೂ ನೋಡಿಲ್ಲ.

ಅವರು ನಗದೇ ಇದ್ದದ್ದು ಒಮ್ಮೆ ಮಾತ್ರ. ಅದು ನಮ್ಮಿಂದಲೇ. ಮಗಳನ್ನು ನಾವು ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಮುಂದಿನ ಓದು, ಉದ್ಯೋಗ ಎಂದು ನೂರು ಕಾರಣ ಹೇಳಿಕೊಂಡೆವು. ಕಾಸರಗೋಡಿನ ತಾಯಂದಿರಿಗೂ ಈ ಕಾರಣಗಳು ಹೊಸತಲ್ಲ. ಜೀವಮಾನವಿಡೀ ಕನ್ನಡ ಶಾಲೆಗೆ ಮಕ್ಕಳನ್ನು ಮನೆಮನೆಯಿಂದ ಕರೆತಂದ ಮಾಸ್ತರರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, 'ಶಾಲಿ ನಿಮ್ಮದು, ಸಂಜಿ ನಂದು' ಎಂದರು. ಅಷ್ಟೇ.

ಅಂದಿನಿಂದ ಸಂಜೆಯ ಶಾಲೆ. ಒಂದು ಅಕ್ಷರಕ್ಕೆ ಒಂದು ಶೇಂಗಾ. ಸ್ವರಗಳೆಲ್ಲ ವಾರದಲ್ಲಿ ಮುಗಿದವು. ವ್ಯಂಜನಕ್ಕೆ ಬರುವಾಗ ಶೇಂಗಾ ತಿಂದು ಹೊಟ್ಟೆ ಕೆಟ್ಟು ಶಾಲೆಗೆ ರಜೆ. ಆಮೇಲೆ ಬೆಲ್ಲ. ಒತ್ತಕ್ಷರ ಶುರುವಾದಾಗ, 'ಕ್ಕ ಕಲಿತರ ಅಕ್ಕಲಕೋಟಿ, ಲ್ಲ ಕಲಿತರ ಸೊಲ್ಲಾಪುರ. ನಿಮ್ಮವ್ವನ ಕಾಸರಗೋಡು ಸಸಾರ, ಒಂದೂ ಒತ್ತಿಲ್ಲ' ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಷ್ಟರಲ್ಲಿ ಹಾಸಿಗೆ ಹಿಡಿದರು. ಪಾಠ 'ಲ್ಲ'ದಲ್ಲಿ ನಿಂತಿತು.

ಅವರು ಹೋದ ಮೇಲೆ ಅವರ ಪೆಟ್ಟಿಗೆ ತೆರೆದೆವು. ಎರಡು ಧೋತರ, ಮಲಯಾಳದ ಆ ಪುಸ್ತಕ, ಕೆಂಪು ಪೆನ್ನು, ಮೊಮ್ಮಗಳ ಕಾಪಿ ಪುಸ್ತಕ. ಅದರಲ್ಲಿ ಮುಂದಿನ ಒತ್ತಕ್ಷರಗಳನ್ನೆಲ್ಲ ಪುಟಕ್ಕೊಂದರಂತೆ ಮೊದಲೇ ಬರೆದಿಟ್ಟಿದ್ದರು. ಅಕ್ಷರ ನಡುಗಿತ್ತು. ಒತ್ತು ಮಾತ್ರ ಎಲ್ಲೂ ಬಿಟ್ಟುಹೋಗಿರಲಿಲ್ಲ.

ಈಗ ಸಂಜೆಯ ಶಾಲೆಗೆ ನಾನೇ ಮಾಸ್ತರಳು. ಮೊನ್ನೆ ಮಗಳಿಗೆ ಎರಡು ಸಾಲು ಸ್ವಂತವಾಗಿ ಬರೆ ಎಂದೆ. ಬಹಳ ಹೊತ್ತು ಯೋಚಿಸಿ ಬರೆದಳು: 'ನಮ್ಮ ಊರು ಸೋಲಾಪುರ. ನಮ್ಮ ಮನೆಯಲ್ಲಿ ಮುತ್ಯಾನ ಪೆನ್ನು ಉಂಟು.'

ಪೆನ್ನಿನಲ್ಲಿ ಶಾಯಿ ಇನ್ನೂ ಇತ್ತು. ಒತ್ತು ತಿಂದದ್ದಕ್ಕೆ ಒಂದು ಅಂಕ ಕಳೆದೆ. 'ಉಂಟು' ಎಂಬುದಕ್ಕೆ ಒಂದು ಹೆಚ್ಚಿಗೆ ಹಾಕಿದೆ.